ನೆಲಕ್ಕಂಟಿದ ರಬ್ಬರು, ಅಳಿಯದ ಅಂಟು: ಬಿಡಿಸುವ ಮೊದಲು ನೆಲ ಯಾವುದೆಂದು ತಿಳಿಯಿರಿ

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಕೇರಳದಲ್ಲಿ ಜೂನ್ ಆರಂಭಕ್ಕೆ, ಮಹಾರಾಷ್ಟ್ರದಲ್ಲಿ ಜೂನ್ ಮಧ್ಯಕ್ಕೆ ಶಾಲೆಯ ಬಾಗಿಲು ತೆರೆಯಬೇಕು. ಅದಕ್ಕೆ ಮೊದಲಿನ ವಾರ ಅಧ್ಯಾಪಕರೂ ಪೋಷಕರೂ ಸೇರಿ ಜೇಡರಬಲೆ ತೆಗೆದು, ಬೆಂಚುಗಳನ್ನು ಹೊರಗಿಟ್ಟು, ನೆಲ ತೊಳೆಯುತ್ತಾರೆ. ಕೂಲಿಗೆ ಜನ ಇಡುವಷ್ಟು ಹಣ ಹೆಚ್ಚಿನ ಶಾಲೆಗಳಲ್ಲಿ ಇಲ್ಲ. ಇದ್ದರೂ ಈ ಕೆಲಸವನ್ನು ನಾವೇ ಮಾಡಬೇಕೆಂಬ ಅಭಿಮಾನ ಉಳಿದಿದೆ. ಇಂಥ ಒಂದು ಶ್ರಮದಾನದಲ್ಲಿ ನಾವು ಮಾಡಿದ ತಪ್ಪೊಂದರಿಂದ ಈ ಲೇಖನ ಹುಟ್ಟಿತು.

ಒಂದನೆಯ ತರಗತಿಯ ಮಕ್ಕಳು ತಣ್ಣನೆಯ ನೆಲದಲ್ಲಿ ಕೂರಬಾರದೆಂದು ಕೆಲವು ವರ್ಷಗಳ ಹಿಂದೆ ಯಾರೋ ಉದಾರಿಗಳು ಹಸಿರು ನೆಲಹಾಸೊಂದನ್ನು ಕೊಡಿಸಿದ್ದರು. ಅಂಚು ಮಡಚಿ ಮಕ್ಕಳು ಎಡವದಿರಲೆಂದು ಅದನ್ನು ನೆಲಕ್ಕೆ ಅಂಟಿನಿಂದ ಭದ್ರಪಡಿಸಲಾಗಿತ್ತು. ಹಾಸು ಹರಿದು ಹೋದ ಮೇಲೆ ಎತ್ತಿದರೆ ಮೇಲಿನ ನೂಲು ಮಾತ್ರ ಕೈಗೆ ಬಂತು. ಅಡಿಯ ರಬ್ಬರಿನ ಪದರ ನೆಲದಲ್ಲೇ ಉಳಿಯಿತು. ಕೆಲವೆಡೆ ಅದು ಪುಡಿಯಾಗಿತ್ತು, ಕೆಲವೆಡೆ ಬೆಲ್ಲದ ಪಾಕದಂತೆ ಜಿಗುಟಾಗಿತ್ತು, ನಡುನಡುವೆ ಕಂದು ಬಣ್ಣದ ಅಂಟಿನ ಗೆರೆಗಳಿದ್ದವು. ಅರ್ಧ ದಿನ ಕೆರೆದು ಬೇಸತ್ತ ಮೇಲೆ ಉತ್ಸಾಹಿಗಳೊಬ್ಬರು ಶೌಚಾಲಯಕ್ಕೆಂದು ತಂದಿಟ್ಟ ಆಸಿಡನ್ನು ಸುರಿದರು. ನೆಲ ನೊರೆಯೆದ್ದು ಬುಸುಗುಟ್ಟಿತು. ಅಂಟು ಹಾಗೆಯೇ ಉಳಿಯಿತು. ಅದರ ಸುತ್ತ ಅರುವತ್ತು ವರ್ಷ ಹೊಳೆದಿದ್ದ ಮೊಸಾಯಿಕ್ ನೆಲ ಬಿಳಿಚಿ ಉರುಟಾಯಿತು. ಆ ಕಲೆ ಇಂದಿಗೂ ಅಲ್ಲಿದೆ.

ಆ ದಿನ ಸಂಜೆ ಬಂದ ಹಳೆಯ ಮೇಸ್ತ್ರಿಯೊಬ್ಬರು ನೆಲವನ್ನು ಅಂಗೈಯಿಂದ ಸವರಿ ನೋಡಿ, “ಅಂಟು ಯಾವುದು, ನೆಲ ಯಾವುದು ಅಂತ ನೋಡದೆ ಮದ್ದು ಹಾಕಿದ್ದೀರಲ್ಲ ಮಾಷ್ಟ್ರೇ” ಎಂದರು. ಅವರು ಕೇಳಿದ ಆ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡರೆ ಕೆಲಸದ ಮುಕ್ಕಾಲು ಭಾಗ ಮುಗಿದಂತೆಯೇ. ಮನೆಯ ಹಜಾರದ ಕಾಲೊರಸಿಗೂ ತರಗತಿಯ ಹಾಸಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ.

ಮೊದಲನೆಯದು, ಅಂಟಿರುವ ವಸ್ತು ಯಾವುದು ಎಂಬುದು. ಅಗ್ಗದ ನೆಲಹಾಸುಗಳ, ಕಾಲೊರಸುಗಳ ಅಡಿಭಾಗದಲ್ಲಿ ಸಾಮಾನ್ಯವಾಗಿ ಲೇಟೆಕ್ಸ್ ಎಂಬ ರಬ್ಬರು ಹಾಲಿಗೆ ಸುಣ್ಣಕಲ್ಲಿನ ಪುಡಿ ಬೆರೆಸಿ ಬಳಿದಿರುತ್ತಾರೆ. ಗಾಳಿಯ ಆಮ್ಲಜನಕ, ಬಿಸಿಲಿನ ಕಾವು, ನೆಲ ಒರೆಸುವಾಗ ಅಡಿಗೆ ಸೇರುವ ತೇವ ಇವು ಸೇರಿ ಆ ರಬ್ಬರಿನ ಬಂಧವನ್ನು ಸಡಿಲಿಸುತ್ತವೆ. ಒಣಗಿದ ಕಡೆ ಅದು ಹಳದಿ ಪುಡಿಯಾಗಿ ಉದುರುತ್ತದೆ. ತೇವವೂ ಕಾವೂ ಒಟ್ಟಿಗೆ ಇರುವಲ್ಲಿ ಕರಗಿದಂತಾಗಿ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಕಾಸರಗೋಡಿನ ಮಳೆಗಾಲ ಒಂದು ಬಗೆಯಲ್ಲಿ, ಸೊಲ್ಲಾಪುರದ ಮೇ ತಿಂಗಳ ಬಿಸಿಲು ಇನ್ನೊಂದು ಬಗೆಯಲ್ಲಿ ಇದೇ ಕೆಲಸವನ್ನು ಮಾಡುತ್ತವೆ. ಇನ್ನು ಪಿವಿಸಿ ಹಾಸುಗಳು. ಗಡುಸಾದ ಪ್ಲಾಸ್ಟಿಕನ್ನು ಮೆದುವಾಗಿಸಲು ಅದಕ್ಕೆ ಎಣ್ಣೆಯಂಥ ದ್ರವ್ಯವೊಂದನ್ನು ಬೆರೆಸಿರುತ್ತಾರೆ. ಕಾಲಾಂತರದಲ್ಲಿ ಅದು ಹೊರಗೆ ಜಿನುಗಿ ನೆಲವನ್ನು ಜಿಡ್ಡಾಗಿಸುತ್ತದೆ.

ಬೇಕೆಂದೇ ಹಚ್ಚಿದ ಅಂಟಿನಲ್ಲೂ ಭೇದವಿದೆ. ನೀರಿನಲ್ಲಿ ಕಲಸಿದ ಬಿಳಿಯ ಅಂಟು ಒಣಗಿದಾಗ ಪಾರದರ್ಶಕವಾಗುತ್ತದೆ, ಬಿಸಿನೀರು ತಾಗಿದರೆ ಮತ್ತೆ ಬೆಳ್ಳಗಾಗಿ ಮೆದುವಾಗುತ್ತದೆ. ಬಡಗಿಗಳು ಮೈಕಾ ಅಂಟಿಸಲು ಬಳಸುವ, ಕಟುವಾಸನೆಯ ಹಳದಿ ರಬ್ಬರಿನ ಅಂಟು ನೀರಿಗೆ ಜಗ್ಗುವುದಿಲ್ಲ. ಅದಕ್ಕೆ ಕಾವು ಬೇಕು ಅಥವಾ ಎಣ್ಣೆಯಂಶದ ದ್ರಾವಕ ಬೇಕು. ಎರಡೂ ಬದಿಗೆ ಅಂಟಿರುವ ಟೇಪಿನ ಶೇಷವೂ ಬಹುಮಟ್ಟಿಗೆ ಇದೇ ಗುಣದ್ದು. ಪರೀಕ್ಷೆ ಸುಲಭ. ಅಂಟಿನ ಮೇಲೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಇಟ್ಟು ಉಗುರಿನಿಂದ ಕೆರೆದು ನೋಡಬೇಕು. ಬೆಳ್ಳಗಾಗಿ ಮುದ್ದೆ ಕಟ್ಟಿದರೆ ಅದು ನೀರಿನ ಅಂಟು. ರಬ್ಬರಿನಂತೆ ಎಳೆದುಕೊಂಡು ಬಂದರೆ ಮತ್ತೊಂದು.

ಕೆಲಸ ಆರಂಭಿಸುವುದು ಯಾವಾಗಲೂ ಒಣಗಿದ ನೆಲದಲ್ಲೇ. ನೀರು ಹೊಯ್ದುಬಿಟ್ಟರೆ ಪುಡಿಯಾದ ರಬ್ಬರು ಕೆಸರಾಗಿ ಹರಡುತ್ತದೆ, ನಾಲ್ಕು ಚದರ ಅಡಿಯ ಕೆಲಸ ಇಡೀ ಕೋಣೆಯದಾಗುತ್ತದೆ. ಹಾಸನ್ನು ಅಂಚಿನಿಂದ ಹಿಡಿದು ನೆಟ್ಟಗೆ ಮೇಲಕ್ಕೆ ಎಳೆಯಬಾರದು. ನೆಲಕ್ಕೆ ತಗ್ಗಾಗಿ, ಹಿಂದಕ್ಕೆ ಮಡಚಿದಂತೆ, ನಿಧಾನವಾಗಿ ಎಳೆದರೆ ಅಡಿಪದರವೂ ಜೊತೆಗೆ ಬರುವ ಸಂಭವ ಹೆಚ್ಚು. ಅಗಲದ ಹಾಸಾದರೆ ಮೊದಲೇ ಒಂದಡಿ ಅಗಲದ ಪಟ್ಟಿಗಳಾಗಿ ಕತ್ತರಿಸಿಕೊಳ್ಳಬೇಕು. ಕತ್ತರಿಸುವಾಗ ಅಲಗು ನೆಲಕ್ಕೆ ತಾಗದಂತೆ ಹಾಸಿನ ಅಡಿಗೆ ರಟ್ಟಿನ ತುಂಡೊಂದನ್ನು ತೂರಿಸಿಕೊಂಡರೆ ಸಾಕು. ಉಳಿದುದನ್ನು ಕೆರೆಯಲು ಹಳೆಯ ಪ್ಲಾಸ್ಟಿಕ್ ಕಾರ್ಡು, ಮರದ ಸಟ್ಟುಗ ಅಥವಾ ಅಂಚು ಚೂಪಾದ ತೆಂಗಿನ ಕರಟದ ತುಂಡು ಉತ್ತಮ. ಕರಟವನ್ನು ಕೀಳಾಗಿ ಕಾಣಬೇಡಿ. ಉಕ್ಕಿನ ಅಲಗಿಗಿಂತ ನಿಧಾನವಾದರೂ ನೆಲಕ್ಕೆ ಗೀರು ಹಾಕುವುದಿಲ್ಲ, ಮೊಂಡಾದರೆ ಇನ್ನೊಂದು ತುಂಡು ಅಡುಗೆಮನೆಯಲ್ಲಿ ಸಿಗುತ್ತದೆ. ಪುಡಿಯನ್ನು ಗುಡಿಸುವಾಗ ಧೂಳೇಳದಂತೆ ಸ್ವಲ್ಪವೇ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಉಜ್ಜುಕಾಗದ ಹಿಡಿದು ಉಜ್ಜುವುದಂತೂ ಬೇಡ. ಧೂಳೂ ಆಗುತ್ತದೆ, ನೆಲವೂ ಹಾಳಾಗುತ್ತದೆ.

ಇದರ ನಂತರ ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪು. ಕೈ ತಾಳುವಷ್ಟು ಬಿಸಿಯಾದ ಸೋಪುನೀರಿನಲ್ಲಿ ಹಳೆಯ ಟವೆಲನ್ನು ಅದ್ದಿ, ಹಿಂಡಿ, ಶೇಷದ ಮೇಲೆ ಹಾಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ ಇಪ್ಪತ್ತು ಮೂವತ್ತು ನಿಮಿಷ ಬಿಡಬೇಕು. ಹೆಚ್ಚಿನವರು ಇಲ್ಲಿಯೇ ಅವಸರ ಮಾಡುತ್ತಾರೆ. ಐದು ನಿಮಿಷಕ್ಕೇ ಟವೆಲು ಎತ್ತಿ ಕೆರೆದು, ಬರಲಿಲ್ಲವೆಂದು ಬಾಟಲಿಗಳತ್ತ ಕೈಚಾಚುತ್ತಾರೆ. ಎರಡು ಮೂರು ಸಲ ಹೀಗೆ ನೆನೆಸಿದರೆ ಲೇಟೆಕ್ಸಿನ ಪುಡಿಯ ಬಹುಭಾಗವೂ ಬಿಳಿಯ ಅಂಟಿನ ಎಲ್ಲವೂ ಬರುತ್ತದೆ. ರಬ್ಬರಿನ ಅಂಟಾದರೆ ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿಯನ್ನು ಒಂದು ಗೇಣು ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ ಬಿಡಬೇಕು. ಅಂಟು ಮೆದುವಾದ ಕೂಡಲೇ ಕರಟದಿಂದ ಎತ್ತಿ ಕಾಗದಕ್ಕೆ ಒರೆಸಬೇಕು. ಒಂದು ಅಂಗೈಯಷ್ಟು ಜಾಗ ಮುಗಿಸಿ ಮುಂದಿನದಕ್ಕೆ ಹೋಗುವುದು ಲೇಸು. ಈ ಮೂರೂ ಕ್ರಮಗಳು ಮರದ ನೆಲವೊಂದನ್ನು ಬಿಟ್ಟು ಉಳಿದೆಲ್ಲ ನೆಲಗಳಿಗೆ ನಿರಪಾಯಕರ. ಇಷ್ಟಾದ ಮೇಲೂ ಉಳಿಯುವ ಕಲೆಗೆ ಏನು ಮಾಡಬೇಕೆಂಬುದು ಮಾತ್ರ ನೆಲವನ್ನು ಅವಲಂಬಿಸಿದೆ.

ನಮ್ಮ ಗಡಿ ಪ್ರದೇಶಗಳ ನೆಲಗಳು ಒಂದೇ ಬಗೆಯವಲ್ಲ. ಕಾಸರಗೋಡಿನ ಹಳೆಯ ಮನೆಗಳಲ್ಲಿ, ಶಾಲೆಗಳಲ್ಲಿ ಕಾವಿ ಬಣ್ಣದ ಸಿಮೆಂಟಿನ ನೆಲ, ಅಲ್ಲಲ್ಲಿ ಮಂಗಳೂರು ಹೆಂಚಿನ ಕಾರ್ಖಾನೆಗಳ ಮಣ್ಣಿನ ಬಿಲ್ಲೆ. ಅಕ್ಕಲಕೋಟೆ, ಸೊಲ್ಲಾಪುರ, ಜತ್ತಗಳಲ್ಲಿ ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲಿನ ಫರಸಿ. ಆದೋನಿ, ರಾಯದುರ್ಗ, ಮಡಕಶಿರಾದ ಕಡೆ ಕಡಪದ ಕರಿಯ ಕಲ್ಲು. ಹೊಸೂರಿನಲ್ಲಿ ಗ್ರಾನೈಟು. ಈಚಿನ ಕಟ್ಟಡಗಳಲ್ಲಿ ಎಲ್ಲೆಡೆಯೂ ವಿಟ್ರಿಫೈಡ್ ಟೈಲ್ಸ್. ತನ್ನ ನೆಲ ಯಾವುದೆಂದು ಸಂದೇಹವಿದ್ದವರು ಕಪಾಟಿನ ಅಡಿಯಲ್ಲಿ ಯಾರಿಗೂ ಕಾಣದ ಮೂಲೆಯಲ್ಲಿ ನಿಂಬೆರಸದ ಒಂದು ತೊಟ್ಟು ಬಿಟ್ಟು ನೋಡಬಹುದು. ಸಣ್ಣ ಗುಳ್ಳೆಗಳೆದ್ದರೆ ನೆಲದಲ್ಲಿ ಸುಣ್ಣದ ಅಂಶವಿದೆ ಎಂದರ್ಥ. ಗ್ರಾನೈಟಿನ ಮೇಲೆ, ಟೈಲ್ಸಿನ ಮೇಲೆ ಏನೂ ಆಗುವುದಿಲ್ಲ. ನೋಡಿದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಬೇಕು; ಆ ತೊಟ್ಟು ಕೂಡ ಹೊಳಪನ್ನು ಕೊಂಚ ತಿನ್ನುತ್ತದೆ.

ಶಹಾಬಾದಿನ ಕಲ್ಲೂ ಕಡಪದ ಕಲ್ಲೂ ನೋಡಲು ಬೇರೆ ಬೇರೆಯಾದರೂ ಜಾತಿಯಲ್ಲಿ ಎರಡೂ ಸುಣ್ಣಕಲ್ಲುಗಳೇ. ಅವುಗಳ ಮುಖ್ಯ ಘಟಕ ಕ್ಯಾಲ್ಸಿಯಂ ಕಾರ್ಬೊನೇಟು. ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿದರೆ ಕಲ್ಲು ಕರಗಿ, ಇಂಗಾಲದ ಡೈಆಕ್ಸೈಡು ಗುಳ್ಳೆಯಾಗಿ ಹೊರಡುತ್ತದೆ ಎಂಬುದನ್ನು ಪ್ರೌಢಶಾಲೆಯ ಮಕ್ಕಳು ಪ್ರಯೋಗಾಲಯದಲ್ಲಿ ಕಲಿಯುತ್ತಾರೆ. ತರಗತಿಯ ನೆಲದಲ್ಲಿ ನಾವು ಮಾಡಿದ್ದು ಅದೇ ಪ್ರಯೋಗ. ಮೊಸಾಯಿಕ್ ಎಂದರೆ ಸಿಮೆಂಟಿನಲ್ಲಿ ಕೂರಿಸಿದ ಅಮೃತಶಿಲೆಯ ಚೂರುಗಳು. ಸಿಮೆಂಟಿಗೂ ಅಮೃತಶಿಲೆಗೂ ಆಸಿಡಿನ ಮುಂದೆ ಒಂದೇ ಗತಿ. ಅತ್ತ ರಬ್ಬರಿಗೆ ಈ ಆಸಿಡಿನಿಂದ ಏನೂ ಆಗದು. ಕಾರ್ಖಾನೆಗಳಲ್ಲಿ ಇದೇ ಆಮ್ಲವನ್ನು ತುಂಬಿಡುವ ತೊಟ್ಟಿಗಳಿಗೆ ಒಳಮೈಯಲ್ಲಿ ರಬ್ಬರು ಹೊದಿಸುತ್ತಾರೆ ಎಂದರೆ ಬೇರೆ ವಿವರಣೆ ಬೇಡ. ಅಳಿಸಬೇಕಾದದ್ದನ್ನು ಉಳಿಸಿ, ಉಳಿಸಬೇಕಾದದ್ದನ್ನು ಅಳಿಸುವ ವಸ್ತುವನ್ನೇ ನಾವು ಆರಿಸಿಕೊಂಡಿದ್ದೆವು.

ಫರಸಿಯ ಗಡಸುತನವೂ ಕಡಮೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾನದಲ್ಲಿ ಸುಣ್ಣಕಲ್ಲಿನ ಕ್ಯಾಲ್ಸೈಟು 3ನೆಯ ಸ್ಥಾನದಲ್ಲಿದೆ, ಚಾಕುವಿನ ಉಕ್ಕು ಸುಮಾರು 5.5, ಗ್ರಾನೈಟಿನಲ್ಲಿರುವ ಸ್ಫಟಿಕ 7. ಆದುದರಿಂದ ಹೊಸೂರಿನ ಮನೆಯಲ್ಲಿ ಬ್ಲೇಡು ಹಿಡಿದು ಕೆರೆದರೆ ನಡೆಯುತ್ತದೆ. ಅಕ್ಕಲಕೋಟೆಯ ಮನೆಯಲ್ಲಿ ಅದೇ ಬ್ಲೇಡು ಕಲ್ಲಿನ ಮೈಯನ್ನೇ ಗೀರುತ್ತದೆ. ಉಕ್ಕಿನ ನಾರು, ಪಾತ್ರೆ ತಿಕ್ಕುವ ಜಾಳಿ ಇವೂ ಫರಸಿಗೆ ಸಲ್ಲವು. ಇನ್ನೊಂದು ಎಚ್ಚರ, ಈ ಕಲ್ಲು ಎಣ್ಣೆಯನ್ನು ಕುಡಿಯುತ್ತದೆ. ಅಂಟು ಬಿಡಿಸಲು ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಹಚ್ಚಬಹುದೆಂದು ಎಲ್ಲರೂ ಹೇಳುತ್ತಾರೆ, ಅಂಟು ಬಿಡುವುದೂ ನಿಜ. ಆದರೆ ಪಾಲಿಶ್ ಇಲ್ಲದ ಫರಸಿಯಲ್ಲಿ ಆ ಜಾಗ ವರ್ಷಗಟ್ಟಲೆ ಕಪ್ಪಾಗಿ ಕಾಣುತ್ತದೆ.

ಹಾಗಿದ್ದರೆ ಸುಣ್ಣಕಲ್ಲಿನಿಂದ ರಬ್ಬರಿನ ಅಂಟನ್ನು ತೆಗೆಯುವುದು ಹೇಗೆ? ಕಾವು ಕೊಟ್ಟು ಕೆರೆದ ಮೇಲೆ ತೆಳುವಾದ ಪೊರೆಯೊಂದು ಉಳಿದಿರುತ್ತದೆ. ಬಣ್ಣದ ಅಂಗಡಿಯಲ್ಲಿ ಸಿಗುವ ಟರ್ಪೆಂಟೈನನ್ನು ಬಟ್ಟೆಗೆ ಹನಿಸಿಕೊಂಡು (ನೆಲಕ್ಕೆ ಸುರಿಯದೆ) ಹೊರಗಿನಿಂದ ಒಳಮುಖವಾಗಿ ಒರೆಸಬೇಕು, ಬಟ್ಟೆಯ ಮಗ್ಗುಲನ್ನು ಆಗಾಗ ಬದಲಿಸಬೇಕು. ಕಲ್ಲಿನ ಒಳಗೆ ಇಳಿದ ಜಿಡ್ಡಿಗೆ ಲೇಪವೇ ಮದ್ದು. ಮುಲ್ತಾನಿ ಮಿಟ್ಟಿಯನ್ನು ಅದೇ ಟರ್ಪೆಂಟೈನಿನಲ್ಲಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ಕಲೆಗಿಂತ ಎರಡು ಬೆರಳು ಅಗಲವಾಗಿ, ಅರ್ಧ ಬೆರಳು ದಪ್ಪಕ್ಕೆ ಬಳಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಬೇಕು. ಮರುದಿನ ಹಾಳೆ ತೆಗೆದು ಪೂರ್ತಿ ಒಣಗಲು ಬಿಟ್ಟರೆ, ಮಣ್ಣು ಒಣಗುತ್ತ ಕಲ್ಲಿನೊಳಗಿನ ಜಿಡ್ಡನ್ನು ತನ್ನೆಡೆಗೆ ಹೀರಿಕೊಳ್ಳುತ್ತದೆ. ಒಂದು ಸಲಕ್ಕೆ ಹೋಗದಿದ್ದರೆ ಮತ್ತೊಮ್ಮೆ ಮಾಡಬೇಕು. ಪಿವಿಸಿ ಹಾಸು ಬಿಟ್ಟ ಜಿಡ್ಡಿಗೂ ಇದೇ ದಾರಿ. ಲೇಪ ಹಾಕಿರುವಷ್ಟು ದಿನ ಆ ಕೋಣೆಯ ಕಿಟಕಿಗಳು ತೆರೆದಿರಬೇಕು, ಮಕ್ಕಳು ಅಲ್ಲಿ ಆಡಬಾರದು, ಮಲಗಬಾರದು.

ಕಾವಿ ನೆಲದ ಮಾತು ಬೇರೆ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ಬೆರೆಸಿ, ಹಸಿಯಾಗಿರುವಾಗಲೇ ಕರಣೆಯಿಂದ ತಿಕ್ಕಿ ತಿಕ್ಕಿ ಕನ್ನಡಿಯಂತೆ ಮಾಡಿ, ದಿನಗಟ್ಟಲೆ ನೀರುಣಿಸಿ ಗಟ್ಟಿಗೊಳಿಸಿದ ನೆಲ ಅದು. ಕೆಂಪು ಬಣ್ಣವಿರುವುದು ಮೇಲಿನ ಕೆಲವೇ ಮಿಲಿಮೀಟರಿನಲ್ಲಿ. ಯಂತ್ರ ಹಿಡಿದು ಉಜ್ಜಿಸಿದರೆ ಅಡಿಯ ಬೂದುಬಣ್ಣ ಕಾಣಿಸಿಕೊಳ್ಳುತ್ತದೆ, ಮತ್ತೆ ಆ ಹದಕ್ಕೆ ತರಬಲ್ಲ ಮೇಸ್ತ್ರಿಗಳು ಈಗ ಊರಿಗೊಬ್ಬರೂ ಸಿಗುವುದಿಲ್ಲ. ಹೊಸತಾಗಿ ಸ್ವಲ್ಪ ಜಾಗಕ್ಕೆ ಮಾತ್ರ ಹಾಕಿಸಿದರೆ ಬಣ್ಣ ಹೊಂದುವುದಿಲ್ಲ. ಆದ್ದರಿಂದ ಹಳೆಯ ನೆಲವನ್ನು ಕಾಪಾಡಿಕೊಳ್ಳುವುದೇ ಜಾಣತನ.

ಫರಸಿಗೆ ಶತ್ರುವಾದ ಕೊಬ್ಬರಿ ಎಣ್ಣೆ ಇಲ್ಲಿ ಮಿತ್ರ. ಕಾವಿ ನೆಲವನ್ನು ನಮ್ಮ ಅಜ್ಜಿಯಂದಿರು ಕೊಬ್ಬರಿ ಎಣ್ಣೆ ಸವರಿಯೇ ಹೊಳೆಯಿಸಿದವರು. ಆ ನೆಲ ಅದಾಗಲೇ ಎಣ್ಣೆ ಕುಡಿದು ತೃಪ್ತವಾಗಿದೆ. ಹಾಗಾಗಿ ಜಿಗುಟು ಶೇಷದ ಮೇಲೆ ಬೆಚ್ಚಗಿನ ಎಣ್ಣೆ ಸವರಿ ಒಂದು ಗಂಟೆ ಬಿಟ್ಟು, ಕರಟದಿಂದ ಮೆಲ್ಲಗೆ ಎತ್ತಿದರೆ ಟೇಪಿನ ಅಂಟೂ ಹಳೆಯ ರಬ್ಬರೂ ಉಂಡೆಯಾಗಿ ಬರುತ್ತವೆ. ಬಳಿಕ ಸೋಪಿನ ಬಿಸಿನೀರಿನಿಂದ ಎರಡು ಬಾರಿ ಒರೆಸದಿದ್ದರೆ ಮಕ್ಕಳೂ ಮುದುಕರೂ ಜಾರಿ ಬೀಳುವುದು ಖಂಡಿತ. ಟರ್ಪೆಂಟೈನು, ಥಿನ್ನರುಗಳನ್ನು ಇಲ್ಲಿ ಬಳಸಿದರೆ ದಶಕಗಳಿಂದ ಕೂಡಿಬಂದ ಮೇಣದ, ಎಣ್ಣೆಯ ಹೊಳಪು ಆ ಜಾಗದಲ್ಲಿ ಮಾತ್ರ ಹೋಗಿ ಮಂಕಾದ ಚೌಕವೊಂದು ಉಳಿಯುತ್ತದೆ. ಹಾಗೇನಾದರೂ ಆದರೆ ಗಾಬರಿ ಬೇಡ, ನೆಲ ಪೂರ್ತಿ ಒಣಗಿದ ಮೇಲೆ ಮೇಣದ ಪಾಲಿಶನ್ನು ಅತಿ ತೆಳುವಾಗಿ ಹಚ್ಚಿ, ಒಣ ಬಟ್ಟೆಯಿಂದ ತಿಕ್ಕುತ್ತ, ಕೆಲವು ದಿನ ಹೀಗೆ ಮಾಡಿದರೆ ಹೊಳಪು ಮರಳುತ್ತದೆ. ಆಸಿಡಿನಿಂದ ಸುಟ್ಟ ಕಾವಿಗೆ ಮಾತ್ರ ಇಂಥ ಉಪಾಯ ಇಲ್ಲ.

ವಿಟ್ರಿಫೈಡ್ ಟೈಲ್ಸ್ ಇದ್ದವರು ಅದೃಷ್ಟವಂತರು. ಅದು ಏನನ್ನೂ ಹೀರುವುದಿಲ್ಲವೆಂದೇ ಹೇಳಬೇಕು. ಎಣ್ಣೆ, ಸ್ಪಿರಿಟು, ಉಗುರುಬಣ್ಣ ತೆಗೆಯುವ ದ್ರವ ಯಾವುದಾದರೂ ಆದೀತು. ಕೊರೋನಾ ಕಾಲದ ಸ್ಯಾನಿಟೈಸರು ಮನೆಯಲ್ಲಿ ಉಳಿದಿದ್ದರೆ ಟೇಪಿನ ಅಂಟಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಟೈಲ್ಸುಗಳ ನಡುವಿನ ಸಂದಿ ಮಾತ್ರ ಸಿಮೆಂಟಿನದು, ಆಸಿಡು ಅಲ್ಲಿಗೂ ಬೇಡ. ಮಂಗಳೂರಿನ ಮಣ್ಣಿನ ಬಿಲ್ಲೆಗಳು ಸ್ಪಂಜಿನಂತೆ ಹೀರುತ್ತವೆ, ಅವಕ್ಕೆ ಬಿಸಿನೀರು, ಕರಟ, ಮಣ್ಣಿನ ಲೇಪ ಇಷ್ಟೇ. ನೀಲಗಿರಿಯ ಕೆಲವು ಹಳೆಯ ಮನೆಗಳಲ್ಲಿರುವ ಮರದ ಹಲಗೆಯ ನೆಲಕ್ಕೆ ನೀರು ನಿಲ್ಲಿಸಬಾರದು; ಡ್ರೈಯರಿನ ಕಾವಿನಿಂದಲೇ ಬಿಡಿಸಿ ಒಣಬಟ್ಟೆಯಿಂದ ಒರೆಸುವುದು ಒಳ್ಳೆಯದು. ವಿನೈಲ್ ಹಾಸಿದ ನೆಲದ ಮೇಲೆ ರಬ್ಬರಿನ ಕಾಲೊರಸು ಇಟ್ಟು ಉಂಟಾದ ಹಳದಿ ಕಂದು ಕಲೆ ಯಾವುದಕ್ಕೂ ಹೋಗುವುದಿಲ್ಲ. ಅದು ಮೇಲೆ ಅಂಟಿದ ಕೊಳೆಯಲ್ಲ, ರಬ್ಬರಿಗೆ ಬೆರೆಸಿದ ರಾಸಾಯನಿಕ ವಿನೈಲಿನ ಒಳಗೇ ಸೇರಿ ಬಣ್ಣ ಬದಲಿಸಿರುವುದು. ಅದನ್ನು ತಿಕ್ಕಿ ತೋಳು ನೋಯಿಸಿಕೊಳ್ಳಬೇಕಾಗಿಲ್ಲ.

ಈಗ ನೆಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರಬೇಕು. ಶಾಲೆ ತೆರೆಯುವ ಮೊದಲಿನ ದಿನಗಳಲ್ಲೇ ಬಾವಿಗೆ ಬ್ಲೀಚಿಂಗ್ ಪೌಡರು ಹಾಕುವ ರೂಢಿ ನಮ್ಮಲ್ಲಿದೆ. ಶೌಚಾಲಯಕ್ಕೆ ಆಸಿಡು, ಬಾವಿಗೆ ಬ್ಲೀಚಿಂಗ್ ಪೌಡರು ಎರಡೂ ಒಂದೇ ವರಾಂಡದಲ್ಲಿ, ಹಲವೊಮ್ಮೆ ಒಂದೇ ಬಕೆಟಿನಲ್ಲಿ ಇರುತ್ತವೆ. ಅವೆರಡು ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಅದು ಗಂಟಲನ್ನೂ ಶ್ವಾಸಕೋಶವನ್ನೂ ಸುಡುವ ವಿಷ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ. “ಒಂದರಿಂದ ಹೋಗಲಿಲ್ಲ, ಎರಡನ್ನೂ ಹಾಕಿ ನೋಡೋಣ” ಎಂಬ ಯೋಚನೆ ಯಾರಿಗೆ ಬಂದರೂ ಅಲ್ಲಿಗೇ ತಡೆಯಬೇಕು. ಶೌಚಾಲಯ ತೊಳೆಯುವ ಬಣ್ಣದ ದ್ರವಗಳಲ್ಲಿಯೂ ಅನೇಕವೇಳೆ ಇದೇ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ ಎಂಬುದು ನೆನಪಿರಲಿ. ವಾಸನೆ ಮೂಗಿಗೆ ಬಡಿದರೆ ತೊಳೆಯುತ್ತ ನಿಲ್ಲದೆ ಎಲ್ಲರೂ ಹೊರಗೆ ಗಾಳಿಗೆ ಬರಬೇಕು. ಕೆಮ್ಮು, ಉಸಿರಾಟದ ತೊಂದರೆ ಇದ್ದರೆ ಆಸ್ಪತ್ರೆಗೆ ಹೋಗಬೇಕು.

ಆಸಿಡಿನ ಬಗ್ಗೆ ಕಾನೂನೂ ಇದೆ. 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟು ನೀಡಿದ ಆದೇಶದಂತೆ ಅಂಗಡಿಯವರು ಆಸಿಡು ಕೊಳ್ಳುವವರ ಹೆಸರು, ವಿಳಾಸ, ಉದ್ದೇಶ ಬರೆದಿಟ್ಟುಕೊಳ್ಳಬೇಕು; ಹದಿನೆಂಟು ವರ್ಷ ತುಂಬದವರಿಗೆ ಮಾರಕೂಡದು. ಆಸಿಡು ಇಟ್ಟುಕೊಳ್ಳುವ ಶಿಕ್ಷಣ ಸಂಸ್ಥೆಗಳೂ ಬಳಕೆಯ ದಾಖಲೆ ಇಡಬೇಕು, ಅದರ ಹೊಣೆ ಒಬ್ಬರಿಗೆ ವಹಿಸಿರಬೇಕು. ಮಗನ ಕೈಯಲ್ಲಿ ಹಣ ಕೊಟ್ಟು “ಒಂದು ಬಾಟ್ಲಿ ಆಸಿಡ್ ತಾ” ಎಂದು ಕಳುಹಿಸುವ ತಂದೆತಾಯಂದಿರು ಇದನ್ನು ತಿಳಿದಿರುವುದು ಅಗತ್ಯ.

ಪೆಟ್ರೋಲಿನಿಂದ ಅಂಟು ಬಿಡಿಸುವ ಇನ್ನೊಂದು ಅಭ್ಯಾಸವುಂಟು. ಪೆಟ್ರೋಲಿನ, ಥಿನ್ನರಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗದೆ ನೆಲದ ಮಟ್ಟದಲ್ಲೇ ಹರಿದು, ಪಕ್ಕದ ಅಡುಗೆಕೋಣೆಯ ಒಲೆಯನ್ನೋ ದೇವರ ದೀಪವನ್ನೋ ಮುಟ್ಟಿದರೆ ಬೆಂಕಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನೆಲದಲ್ಲಿ ಕೂತು ಆಡುವ ಮಗುವಿನ ಮೂಗೂ ಅದೇ ಮಟ್ಟದಲ್ಲಿರುತ್ತದೆ. ಪೆಟ್ರೋಲು ಯಾವ ನೆಲಕ್ಕೂ ಬೇಡ. ಟರ್ಪೆಂಟೈನು ಬಳಸುವಾಗಲೂ ಡ್ರೈಯರು ಹಚ್ಚಬಾರದು, ಕಾವಿನ ಕೆಲಸ ಮೊದಲು ಮುಗಿದಿರಬೇಕು. ಬಳಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆಯದೆ ಹೊರಗೆ ಬಿಡಿಬಿಡಿಯಾಗಿ ಹರವಿ ಒಣಗಿಸಬೇಕು.

ಗಡಿನಾಡಿನವರಿಗೆ ಇಲ್ಲೊಂದು ಹೆಚ್ಚಿನ ಕಷ್ಟವಿದೆ. ಬಾಟಲಿಯ ಮೇಲಿನ ಎಚ್ಚರಿಕೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಜೊತೆಗೆ ಹಿಂದಿಯೋ ಆಯಾ ರಾಜ್ಯದ ಭಾಷೆಯೋ ಇದ್ದೀತು. ಕನ್ನಡ ಇರುವುದು ಅಪರೂಪ. ಮನೆಯ ಹಿರಿಯರು ಬಣ್ಣವನ್ನೂ ವಾಸನೆಯನ್ನೂ ನೋಡಿ ಗುರುತಿಸುತ್ತಾರೆ, ಅಲ್ಲಿಯೇ ಪ್ರಮಾದವಾಗುವುದು. ಅಕ್ಷರ ಬಾರದಿದ್ದರೂ ಚಿತ್ರ ಓದಬಹುದು. ಉರಿಯುವ ಜ್ವಾಲೆಯ ಚಿತ್ರವಿದ್ದರೆ ಬೆಂಕಿಯ ಅಪಾಯ. ಕೊಳವೆಯಿಂದ ಹನಿ ಬಿದ್ದು ಕೈಯೂ ಲೋಹದ ತುಂಡೂ ಕರಗುತ್ತಿರುವ ಚಿತ್ರವಿದ್ದರೆ ಸುಡುವ ದ್ರವ್ಯ. ನಮ್ಮ ಶಾಲೆಯ ಮಕ್ಕಳು ಕನ್ನಡದೊಂದಿಗೆ ರಾಜ್ಯಭಾಷೆಯನ್ನೂ ಇಂಗ್ಲಿಷನ್ನೂ ಓದುತ್ತಾರೆ. ಬಾಟಲಿಯ ಮುಚ್ಚಳ ಮುಟ್ಟಗೊಡದೆ, ಅದರ ಚೀಟಿಯನ್ನು ಏಳನೆಯ ತರಗತಿಯ ಮಗಳಿಂದ ಗಟ್ಟಿಯಾಗಿ ಓದಿಸಿ, “ಅಜ್ಜಿಗೆ ಕನ್ನಡದಲ್ಲಿ ಹೇಳು ಮಗಾ” ಎಂದರೆ ಮನೆಯವರಿಗೆಲ್ಲ ತಿಳಿಯುತ್ತದೆ. ಆಕೆ ಹೇಳಿದ್ದನ್ನು ಕನ್ನಡದಲ್ಲಿ ಬರೆದು ಬಾಟಲಿಗೆ ಅಂಟಿಸಿಡಬಹುದು. ಕುಡಿಯುವ ನೀರಿನ ಖಾಲಿ ಬಾಟಲಿಗೆ ಯಾವ ದ್ರಾವಕವನ್ನೂ ಸುರಿದಿಡಬಾರದು.

ನೆಲ ಶುದ್ಧವಾದ ಮೇಲೆ ಮತ್ತೇನು ಹಾಸಬೇಕು? ಹತ್ತಿಯ ಜಮಖಾನಕ್ಕೆ, ಸೊಲ್ಲಾಪುರದ ಚಾದರಕ್ಕೆ, ಓಲೆಯ ಚಾಪೆಗೆ ರಬ್ಬರಿನ ಅಡಿಪದರ ಇಲ್ಲ. ಆದುದರಿಂದ ಅವು ಎಷ್ಟು ವರ್ಷ ಹಾಸಿದ್ದರೂ ನೆಲಕ್ಕೆ ಅಂಟುವುದಿಲ್ಲ. ಜಾರುತ್ತವೆ ಎಂಬ ಆಕ್ಷೇಪ ಸರಿಯೇ. ಓಡಾಡುವ ದಾರಿಯಲ್ಲಿ ಹಾಸದೆ ಮಕ್ಕಳು ಕೂರುವಲ್ಲಿ ಮಾತ್ರ ಹಾಸಿ, ಸಂಜೆ ಸುತ್ತಿಟ್ಟರೆ ಅದೂ ಪರಿಹಾರವಾಗುತ್ತದೆ. ರಬ್ಬರಿನ ಕಾಲೊರಸು ಬಾಗಿಲಲ್ಲಿ ಬೇಕೇ ಬೇಕೆಂದಾದರೆ ವಾರಕ್ಕೊಮ್ಮೆ ಎತ್ತಿ, ಅಡಿಯನ್ನು ನೆರಳಿನಲ್ಲಿ ಒಣಗಿಸಿ, ಕೈಗೆ ಪುಡಿ ಹತ್ತಲು ತೊಡಗಿದ ದಿನವೇ ಹೊರಗೆ ಹಾಕಬೇಕು.

ನಮ್ಮ ತರಗತಿಯಲ್ಲಿ ಆ ಬಿಳಿಯ ಕಲೆಯ ಹೊರತು ಉಳಿದುದೆಲ್ಲ ನಾಲ್ಕು ದಿನಗಳಲ್ಲಿ ಬಿಸಿನೀರು, ಡ್ರೈಯರು, ಕರಟಗಳಿಂದಲೇ ಹೋಯಿತು. ಕೊನೆಯ ಕೆಲವು ಗೆರೆಗಳಿಗೆ ಅರ್ಧ ಲೋಟ ಟರ್ಪೆಂಟೈನು ಸಾಕಾಯಿತು. ತೊಳೆದ ಮರುದಿನವೇ ಹಾಸು ಹಾಕುವ ಆತುರ ಪೋಷಕರಿಗಿತ್ತು. ಹಳೆಯ ಕಟ್ಟಡಗಳ ನೆಲದಡಿಯಿಂದಲೂ ತೇವ ಏರಿ ಬರುತ್ತಿರುತ್ತದೆ, ಮೇಲೆ ಮುಚ್ಚಿದರೆ ಅದು ಹಾಸಿನ ಅಡಿಯಲ್ಲೇ ನಿಲ್ಲುತ್ತದೆ ಎಂದು ಮೇಸ್ತ್ರಿ ತಡೆದರು. ಎರಡು ದಿನ ಕಿಟಕಿ ತೆರೆದಿಟ್ಟು, ಮೂರನೆಯ ದಿನ ಒಣ ಪತ್ರಿಕೆಯ ಹಾಳೆಯೊಂದನ್ನು ನೆಲದಲ್ಲಿ ಹರಡಿ, ಅದರ ಮೇಲೆ ಮಣೆ ಮಗುಚಿಟ್ಟು ರಾತ್ರಿ ಬಿಟ್ಟೆವು. ಬೆಳಗ್ಗೆ ಹಾಳೆ ಗರಿಗರಿಯಾಗಿಯೇ ಇತ್ತು. ಆ ಮೇಲೆ ಜಮಖಾನ ಹಾಸಿದೆವು.